ಕಳಿತ ಗೊಬ್ಬರ ಮತ್ತು ಆಲೂಗಡ್ಡೆಯ ಬೇಸಾಯ

(ಆಂಧ್ರಪ್ರದೇಶದ ವಿಶಾಖಪಟ್ಟಣ ಹಾಗೂ ವಿಜಯವಾಡಗಳಲ್ಲಿ ನೆಲೆಸಿರುವ ಕನ್ನಡಿಗರ ಮುಂದೆ ನೀಡಿದ ಉಪನ್ಯಾಸದ ಪಠ್ಯ)



ಸಮುದ್ರ ತೀರದ ವಿಶಾಖಪಟ್ಟಣದಲ್ಲಿಯೂ ಕೃಷ್ಣಾ ನದಿಯ ದಡದ ವಿಜಯವಾಡದಲ್ಲಿಯೂ ಆಲೂಗಡ್ಡೆಯ ಬೇಸಾಯವನ್ನು ಕುರಿತು ಮಾತನಾಡುವುದು ಮೊದಲ ನೋಟಕ್ಕೆ ಅಸಂಗತವೆನಿಸಬಹುದು. ವಿಜಯವಾಡದ ಸುತ್ತಲಿರುವುದು ಭತ್ತದ ಗದ್ದೆ, ಮಾವಿನ ತೋಪು. ವಿಶಾಖಪಟ್ಟಣದ ಆಸುಪಾಸಿನಲ್ಲಿ ಕಾಣುವುದು ಗೋಡಂಬಿ, ತೆಂಗು, ಅನಕಾಪಲ್ಲಿಯ ಕಡೆಗೆ ಕಬ್ಬು. ಇಲ್ಲಿನ ಮಾರುಕಟ್ಟೆಯಲ್ಲಿ ದೊರೆಯುವ ಆಲೂಗಡ್ಡೆ ಬಹುಮಟ್ಟಿಗೆ ಹೊರಗಿನಿಂದ ಬರುವಂಥದು. ತೆಲುಗು ಭಾಷೆಯಲ್ಲಿ ಈ ಗೆಡ್ಡೆಗಿರುವ 'ಬಂಗಾಳಾದುಂಪ' ಎಂಬ ಹೆಸರೇ, ಅಂದರೆ ಬಂಗಾಳದ ಗೆಡ್ಡೆ ಎಂಬ ಮಾತೇ, ಇದನ್ನು ಸೂಚಿಸುತ್ತದೆ. ನಮ್ಮ ಕರಾವಳಿಯ ಹಾಗೂ ಉತ್ತರ ಕರ್ನಾಟಕದ ಜನರು ಇದನ್ನು 'ಬಟಾಟೆ' ಎನ್ನುತ್ತಾರೆ. ಅದು ಪೋರ್ಚುಗೀಸರ ಮಾತಿನಿಂದ ಬಂದದ್ದು. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ತಂಪಿನಲ್ಲಿ ಹುಟ್ಟಿದ ಈ ಬೆಳೆ ಹಡಗು ಏರಿ ನಮ್ಮ ದೇಶಕ್ಕೆ ಬಂದು ಕೆಲವು ಶತಮಾನಗಳು ಕಳೆದಿದ್ದರೂ ತನ್ನ ತವರಿನ ತಂಪನ್ನು ಮಾತ್ರ ಇನ್ನೂ ಮರೆತಿಲ್ಲ.

ಹೀಗಿದ್ದರೂ ಈ ವಿಷಯವನ್ನು ಇಲ್ಲಿ ಎತ್ತಿಕೊಳ್ಳಲು ಎರಡು ಕಾರಣಗಳಿವೆ. ಉದ್ಯೋಗ, ವ್ಯಾಪಾರಗಳ ನಿಮಿತ್ತ ಈ ನಗರಗಳಿಗೆ ಬಂದು ನೆಲೆಸಿದ ಕನ್ನಡಿಗರಲ್ಲಿ ಊರಿನಲ್ಲಿ ಇನ್ನೂ ಹೊಲವನ್ನು ಉಳಿಸಿಕೊಂಡವರು ಇದ್ದಾರೆ. ಹಾಸನ, ಚಿಕ್ಕಮಗಳೂರು, ಕೋಲಾರ, ಚಿಕ್ಕಬಳ್ಳಾಪುರ, ಬೆಳಗಾವಿ ಜಿಲ್ಲೆಗಳ ಕಡೆಯವರಾದರೆ ಆ ಹೊಲದಲ್ಲಿ ಒಮ್ಮೆಯಾದರೂ ಆಲೂಗಡ್ಡೆ ಬೆಳೆದಿರುತ್ತದೆ. ಅಲ್ಲಿ ಬೇಸಾಯ ನಡೆಸುತ್ತಿರುವ ಅಣ್ಣತಮ್ಮಂದಿರು ಹಣವನ್ನು ಕೇಳುವಾಗ, ರಾಸಾಯನಿಕ ಗೊಬ್ಬರವನ್ನು ಬಿಟ್ಟು ಕಾಂಪೋಸ್ಟಿನಿಂದಲೇ ಬೆಳೆಯಬಾರದೇಕೆ ಎಂಬ ಪ್ರಶ್ನೆಯನ್ನು ನಗರದಲ್ಲಿರುವ ನಾವು ಸುಲಭವಾಗಿ ಹಾಕಿಬಿಡುತ್ತೇವೆ. ಎರಡನೆಯ ಕಾರಣವೆಂದರೆ, ರಾಸಾಯನಿಕಗಳಿಲ್ಲದ ಬೇಸಾಯವೆಂಬ ಪ್ರಶ್ನೆಯನ್ನು ಒಂದು ರಾಜ್ಯದ ಮಟ್ಟದಲ್ಲಿ ಎತ್ತಿಕೊಂಡು ಪ್ರಯೋಗ ನಡೆಸಿದ್ದು ಇದೇ ಆಂಧ್ರಪ್ರದೇಶ. ಇಲ್ಲಿ ಕುಳಿತು ಆ ಪ್ರಶ್ನೆಗೆ ಉತ್ತರ ಹುಡುಕುವುದು ಉಚಿತವೇ ಆಗಿದೆ.

ಮೊದಲು ಹವೆಯ ಮಾತು. ಆಲೂಗಡ್ಡೆಯ ಗಿಡವು ಹಗಲಿನಲ್ಲಿ ತನ್ನ ಎಲೆಗಳಲ್ಲಿ ತಯಾರಿಸಿದ ಆಹಾರವನ್ನು ರಾತ್ರಿಯ ತಂಪಿನಲ್ಲಿ ನೆಲದೊಳಗಣ ಗೆಡ್ಡೆಗೆ ಸಾಗಿಸುತ್ತದೆ. ರಾತ್ರಿಯ ಉಷ್ಣತೆ 15ರಿಂದ 20 ಡಿಗ್ರಿ ಸೆಲ್ಸಿಯಸ್ಸಿನ ನಡುವೆ ಇದ್ದರೆ ಗೆಡ್ಡೆ ಚೆನ್ನಾಗಿ ಕಟ್ಟುತ್ತದೆ. ಅದಕ್ಕಿಂತ ಸೆಖೆ ಹೆಚ್ಚಿದಂತೆ ಗಿಡ ಸೊಂಪಾಗಿ ಬೆಳೆದರೂ ಬುಡದಲ್ಲಿ ಗೆಡ್ಡೆ ಕಟ್ಟುವುದಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿಯನ್ನು ದಾಟುವ ವಿಜಯವಾಡದಲ್ಲಿ ಎಷ್ಟೇ ಉತ್ಕೃಷ್ಟ ಗೊಬ್ಬರವನ್ನು ಹಾಕಿದರೂ ಈ ನಿಯಮ ಬದಲಾಗುವುದಿಲ್ಲ. ವಿಶಾಖಪಟ್ಟಣದಿಂದ ಘಟ್ಟವನ್ನೇರಿ ಸುಮಾರು 900 ಮೀಟರ್ ಎತ್ತರದ ಅರಕು ಕಣಿವೆಯನ್ನು ತಲುಪಿದರೆ ಮಾತ್ರ ಹವೆ ಬೇರೆಯಾಗುತ್ತದೆ. 2022ರಲ್ಲಿ ಅಲ್ಲೂರಿ ಸೀತಾರಾಮರಾಜು ಜಿಲ್ಲೆಗೆ ಸೇರಿದ ಆ ಗಿರಿಜನ ಪ್ರದೇಶದ ಎತ್ತರವೂ ನಮ್ಮ ಹಾಸನದ ಎತ್ತರವೂ ಹೆಚ್ಚುಕಡಮೆ ಒಂದೇ ಎಂಬುದು ಗಮನಾರ್ಹ.

ಹಾಸನದಲ್ಲಿ ಆಲೂಗಡ್ಡೆ ಮುಖ್ಯವಾಗಿ ಮುಂಗಾರಿನ ಬೆಳೆ. ಮೇ ತಿಂಗಳ ಮಧ್ಯದಿಂದ ಜೂನ್‌ವರೆಗೆ, ಮೊದಲ ಮಳೆಗಳ ಹದವನ್ನು ನೋಡಿಕೊಂಡು, ಕೆಂಪು ಗೋಡುಮಣ್ಣಿನ ಹೊಲಗಳಲ್ಲಿ ಬಿತ್ತನೆ ನಡೆಯುತ್ತದೆ. ಉತ್ತರ ಭಾರತದ ಬಯಲಿನಲ್ಲಿ ಇದು ಚಳಿಗಾಲದ ನೀರಾವರಿ ಬೆಳೆಯಾದ್ದರಿಂದ, ಮಳೆಯನ್ನೇ ನಂಬಿದ ಹಾಸನದ ಬೇಸಾಯವು ದೇಶದಲ್ಲಿ ಒಂದು ವಿಶೇಷ ಬಗೆಯದು. ಬಿತ್ತನೆ ಗೆಡ್ಡೆ ಬರುವುದು ದೂರದ ಪಂಜಾಬಿನ ಜಲಂಧರದ ಕಡೆಯಿಂದ. ತಳಿ ಬಹುಕಾಲದಿಂದ 'ಕುಫ್ರಿ ಜ್ಯೋತಿ'. 1949ರಲ್ಲಿ ಪಟ್ನಾದಲ್ಲಿ ಆರಂಭವಾಗಿ 1956ರಲ್ಲಿ ಶಿಮ್ಲಾಕ್ಕೆ ಸ್ಥಳಾಂತರಗೊಂಡ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆಯು ಈ ತಳಿಯನ್ನು 1968ರಲ್ಲಿ ಬಿಡುಗಡೆ ಮಾಡಿತು. ಶಿಮ್ಲಾದ ಸಮೀಪದ ಕುಫ್ರಿ ಎಂಬ ಸ್ಥಳದ ಹೆಸರು ಹೀಗೆ ಹಾಸನದ ರೈತರ ನಿತ್ಯದ ಮಾತಾಯಿತು. ಒಂದು ಕಾಲಕ್ಕೆ ಹತ್ತಾರು ಸಾವಿರ ಹೆಕ್ಟೇರುಗಳಲ್ಲಿ ಹಬ್ಬಿದ್ದ ಹಾಸನದ ಆಲೂಗಡ್ಡೆ ಬೆಳೆ ಕಳೆದ ಎರಡು ದಶಕಗಳಲ್ಲಿ ಬಹಳವಾಗಿ ಕುಗ್ಗಿದೆ. ಆ ಹೊಲಗಳಲ್ಲಿ ಈಗ ಮುಸುಕಿನ ಜೋಳ ನಿಂತಿರುವುದನ್ನು ಕಾಣಬಹುದು. ಇದಕ್ಕೆ ಅಂಗಮಾರಿ ರೋಗ, ಬೀಜದ ಖರ್ಚು, ಬೆಲೆಯ ಏರಿಳಿತ ಎಲ್ಲವೂ ಕಾರಣಗಳು. ಮಣ್ಣು ಬಡವಾದದ್ದೂ ಒಂದು ಕಾರಣವೆಂಬುದನ್ನು ಹಳೆಯ ರೈತರು ಒಪ್ಪುತ್ತಾರೆ.

ಮಣ್ಣು ಬಡವಾಯಿತೆಂದರೇನು? ಆಲೂಗಡ್ಡೆ ಬೇರಲ್ಲ, ಕಾಂಡ. ಗಿಡದ ಬುಡದಿಂದ ನೆಲದೊಳಗೆ ಅಡ್ಡಲಾಗಿ ಹೊರಡುವ ಎಳೆಯ ಕುಡಿಗಳ ತುದಿ ದಪ್ಪಗಾಗಿ ಗೆಡ್ಡೆಯಾಗುತ್ತದೆ. ಗಟ್ಟಿ ಮಣ್ಣಿನಲ್ಲಿ ಆ ಕುಡಿ ಮುಂದಕ್ಕೆ ಸಾಗಲಾರದು. ಸಾಗಿದರೂ ಗೆಡ್ಡೆ ವಕ್ರವಾಗುತ್ತದೆ. ಈ ಗಿಡದ ಬೇರುಗಳಾದರೂ ಆಳಕ್ಕೆ ಇಳಿಯುವಂಥವಲ್ಲ. ಹೆಚ್ಚಿನ ಪಾಲು ಮೇಲಿನ ಒಂದು ಅಡಿಯಲ್ಲಿಯೇ ಉಳಿಯುತ್ತವೆ. ಜೂನ್ ತಿಂಗಳಲ್ಲಿ ಹತ್ತು ದಿನ ಮಳೆ ಕೈಕೊಟ್ಟರೆ ಆ ಒಂದು ಅಡಿ ಮಣ್ಣಿನಲ್ಲಿ ಉಳಿದ ತೇವವೇ ಗಿಡವನ್ನು ಕಾಯಬೇಕು. ಮಳೆ ಜೋರಾಗಿ ಬಂದಾಗ ಅದೇ ಮಣ್ಣು ನೀರನ್ನು ಬಸಿದು ಗೆಡ್ಡೆ ಕೊಳೆಯದಂತೆಯೂ ನೋಡಿಕೊಳ್ಳಬೇಕು. ನೀರನ್ನು ಹಿಡಿಯುವುದು, ಬಿಡುವುದು ಎಂಬ ಈ ಎರಡು ವಿರುದ್ಧ ಕೆಲಸಗಳನ್ನು ಒಟ್ಟಿಗೆ ಮಾಡಬಲ್ಲದ್ದು ಸಾವಯವ ಅಂಶವುಳ್ಳ ಮಣ್ಣು ಮಾತ್ರ. ಯೂರಿಯಾ ಈ ಕೆಲಸವನ್ನು ಮಾಡಲಾರದು. ಆದ್ದರಿಂದ ಆಲೂಗಡ್ಡೆಗೆ ಕಾಂಪೋಸ್ಟು ಮೊದಲಿಗೆ ಹಾಸಿಗೆ, ಅನಂತರ ಆಹಾರ. ಈ ಕ್ರಮವನ್ನು ತಲೆಕೆಳಗು ಮಾಡಿಕೊಂಡವರೇ ಮುಂದೆ ನಿರಾಶರಾಗುತ್ತಾರೆ.

ಇಲ್ಲಿ ಭಾಷೆಯ ಒಂದು ವಿಚಾರವನ್ನು ಪ್ರಸ್ತಾಪಿಸಲು ಅಪ್ಪಣೆ ಬೇಡುತ್ತೇನೆ. ನಾನು ಕೃಷಿ ವಿಜ್ಞಾನಿಯಲ್ಲ. ಕೃಷಿಯ ಕೈಪಿಡಿಗಳನ್ನು ಕನ್ನಡಕ್ಕೆ ತರುವುದು ನನ್ನ ಕಸುಬಿನ ಒಂದು ಭಾಗ. ಅಂತಹ ಕೈಪಿಡಿಗಳಲ್ಲಿ 'ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ' ಎಂದು ನಾವು ಬರೆಯುತ್ತೇವೆ. ಹಳ್ಳಿಯ ರೈತ ಹಾಗೆನ್ನದೆ 'ಕಳಿತ ಗೊಬ್ಬರ' ಎನ್ನುತ್ತಾನೆ. ಹಣ್ಣು ಕಳಿಯುತ್ತದೆ, ಹೆಣ ಕೊಳೆಯುತ್ತದೆ. ಕೊಳೆತದ್ದಕ್ಕೆ ದುರ್ನಾತವಿದೆ, ಕಳಿತದ್ದಕ್ಕೆ ಪಕ್ವತೆ ಇದೆ. ಎರಡು ಪದಗಳ ನಡುವೆ ಇರುವ ವ್ಯತ್ಯಾಸ ಅತ್ಯಲ್ಪ. ಹೊಲದಲ್ಲಿ ಅದರ ಪರಿಣಾಮ ಮಾತ್ರ ಒಂದು ಬೆಳೆಯಷ್ಟು. ಈ ಕಾರಣದಿಂದ ನಾನು ಈಚೆಗೆ ರೈತನ ಪದವನ್ನೇ ಬಳಸುತ್ತಿದ್ದೇನೆ.

ಅರೆ ಕಳಿತ ಸಗಣಿಯನ್ನು ಆಲೂಗಡ್ಡೆಯ ಸಾಲಿಗೆ ಹಾಕಿದರೆ ಆಗುವ ಅನಾಹುತಗಳು ಹಲವು. ಗೊಣ್ಣೆಹುಳುವಿನ ದುಂಬಿಗಳು ಅಂತಹ ಗೊಬ್ಬರವನ್ನು ಹುಡುಕಿಕೊಂಡು ಬಂದು ಮೊಟ್ಟೆ ಇಡುತ್ತವೆ. ಹುಳುಗಳು ಬೇರನ್ನು ತಿಂದು ಗೆಡ್ಡೆಯಲ್ಲಿ ಕುಳಿ ತೋಡುತ್ತವೆ. ಹಸಿ ಗೊಬ್ಬರದಲ್ಲಿ ಇಂಗಾಲದ ಪ್ರಮಾಣ ಹೆಚ್ಚಿದ್ದು ಸಾರಜನಕ ಕಡಮೆಯಿರುವುದರಿಂದ ಅದನ್ನು ಕರಗಿಸುವ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿದ್ದ ಸಾರಜನಕವನ್ನೂ ತಾವೇ ಹೀರಿಕೊಳ್ಳುತ್ತವೆ. ಪೋಷಿಸಬೇಕಾದ ಗೊಬ್ಬರವೇ ಬೆಳೆಯ ಬಾಯಿಂದ ತುತ್ತನ್ನು ಕಸಿಯುತ್ತದೆ. ಗೆಡ್ಡೆಯ ಸಿಪ್ಪೆಯ ಮೇಲೆ ಒರಟು ಹುರುಕುಗಳನ್ನುಂಟುಮಾಡುವ ಕಜ್ಜಿರೋಗವೂ ಹಸಿ ಗೊಬ್ಬರದಿಂದ ಹೆಚ್ಚುವುದುಂಟು. ಕಳೆಯ ಬೀಜಗಳ ಮಾತಂತೂ ಹೇಳಲೇಬೇಕಾಗಿಲ್ಲ.

ಗೊಬ್ಬರವನ್ನು ಕಳಿಯುವಂತೆ ಮಾಡುವ ವಿದ್ಯೆಯಲ್ಲಿ ಭಾರತವು ಜಗತ್ತಿಗೇ ಪಾಠ ಹೇಳಿದ ಕಾಲವೊಂದಿತ್ತು. ಆಲ್ಬರ್ಟ್ ಹೋವರ್ಡ್ ಎಂಬ ಸಸ್ಯವಿಜ್ಞಾನಿ 1924ರಿಂದ 1931ರವರೆಗೆ ಇಂದೋರಿನಲ್ಲಿ ಕೆಲಸಮಾಡಿ, ನಮ್ಮ ರೈತರ ಹಾಗೂ ಚೀನೀ ರೈತರ ರೂಢಿಗಳನ್ನು ಪರಿಶೀಲಿಸಿ, ಕಸಕಡ್ಡಿ ಮತ್ತು ಸಗಣಿಯನ್ನು ಪದರಪದರವಾಗಿ ಹಾಕಿ ಕಾಲಕಾಲಕ್ಕೆ ತಿರುವಿಹಾಕುವ ಇಂದೋರ್ ವಿಧಾನವನ್ನು ರೂಪಿಸಿದರು. ಇದು ಗಾಳಿಯಾಡುವ ವಿಧಾನ. ಅನಂತರ 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಿ. ಎನ್. ಆಚಾರ್ಯರು ಪಟ್ಟಣದ ಕಸಕ್ಕೆಂದು ಮತ್ತೊಂದು ವಿಧಾನವನ್ನು ಸಿದ್ಧಪಡಿಸಿದರು. ಗುಂಡಿಯನ್ನು ತುಂಬಿ, ಮೇಲೆ ಮಣ್ಣು ಸಾರಿಸಿ, ತಿರುವದೆ ಹಲವು ತಿಂಗಳು ಹಾಗೆಯೇ ಬಿಡುವ ಈ ಕ್ರಮ ಪ್ರಪಂಚದ ಕೃಷಿ ಗ್ರಂಥಗಳಲ್ಲಿ ಇಂದಿಗೂ 'ಬೆಂಗಳೂರು ವಿಧಾನ' ಎಂದೇ ಹೆಸರಾಗಿದೆ. ಕಡಮೆ ಕೂಲಿ, ಕಡಮೆ ನೀರು ಅದರ ಅನುಕೂಲ. ಆರರಿಂದ ಎಂಟು ತಿಂಗಳು ಕಾಯಬೇಕಾದದ್ದು ಮತ್ತು ಬಿಸಿ ಸಾಕಷ್ಟು ಏರದೆ ಕಳೆಬೀಜ, ರೋಗಾಣುಗಳು ಉಳಿಯಬಹುದಾದದ್ದು ಅದರ ಕೊರತೆ. ಆಲೂಗಡ್ಡೆಯ ಮಟ್ಟಿಗೆ ನಾನು ಇಂದೋರಿನ ಪಕ್ಷವನ್ನೇ ವಹಿಸುತ್ತೇನೆ.

ಈ ಎರಡು ವಿಧಾನಗಳಿಗೂ ಜನ್ಮವಿತ್ತ ನಾಡಿನ ಬಹುಪಾಲು ಮನೆಗಳ ಹಿತ್ತಲಲ್ಲಿ ಇಂದಿಗೂ ಇರುವುದು ಬಿಸಿಲಿಗೆ ಒಣಗಿ ಮಳೆಗೆ ತೊಳೆದುಹೋಗುವ ತಿಪ್ಪೆಯೇ. ತಿಪ್ಪೆಯಿಂದ ಹರಿದುಹೋಗುವ ಕಪ್ಪು ನೀರಿನಲ್ಲಿ ಪೊಟ್ಯಾಷ್ ಹೋಗುತ್ತದೆ. ಬಿಸಿಲಿಗೆ ಸಾರಜನಕ ಹಾರುತ್ತದೆ. ಹನುಮಂತನ ಗುಡಿಗೆ ನೆರಳು ಕಟ್ಟಿಸುವ ಊರಿನಲ್ಲಿ ತಿಪ್ಪೆಗೊಂದು ಚಪ್ಪರ ಹಾಕುವವರಿಲ್ಲ. ನಾಲ್ಕು ಕಂಬ, ಮೇಲೆ ತೆಂಗಿನ ಗರಿ, ಸುತ್ತ ನೀರು ಹರಿಯದಂತೆ ಒಂದು ಬದು. ಇಷ್ಟಾದರೆ ಹೊಸದಾಗಿ ಏನನ್ನೂ ಕೊಳ್ಳದೆಯೇ ಗೊಬ್ಬರದ ಸತ್ವ ಉಳಿಯುತ್ತದೆ.

ಮೇ ತಿಂಗಳ ಬಿತ್ತನೆಗೆ ಗೊಬ್ಬರ ಬೇಕಾದರೆ ರಾಶಿಯನ್ನು ಡಿಸೆಂಬರ್ ಅಥವಾ ಜನವರಿಯಲ್ಲಿಯೇ ಹಾಕಬೇಕು. ನಾಲ್ಕೈದು ಅಡಿ ಅಗಲ, ಮೂರೂವರೆ ಅಡಿ ಎತ್ತರ, ಉದ್ದ ಅನುಕೂಲವಿದ್ದಷ್ಟು. ಕೆಳಗೆ ತೊಗರಿಕಡ್ಡಿ, ಜೋಳದ ದಂಟುಗಳಂತಹ ಒರಟು ಪದಾರ್ಥ. ಅದರ ಮೇಲೆ ಒಣ ಎಲೆ, ಬೇಲಿಯ ಗ್ಲಿರಿಸಿಡಿಯಾದ ಹಸಿ ಸೊಪ್ಪು, ಹೂ ಬಿಡುವ ಮೊದಲೇ ಕಿತ್ತ ಕಳೆ. ಪ್ರತಿ ಪದರದ ಮೇಲೆಯೂ ಸಗಣಿಯ ಬಗ್ಗಡ ಮತ್ತು ಕೊಟ್ಟಿಗೆಯ ಗಂಜಲ ಬೆರೆತ ಮಣ್ಣು. ಕೆಲವು ದಿನಗಳಲ್ಲಿ ರಾಶಿಯ ಒಡಲು 55ರಿಂದ 65 ಡಿಗ್ರಿಗಳವರೆಗೆ ಕಾಯುತ್ತದೆ. ಒಳಗೆ ಕಬ್ಬಿಣದ ಸಲಾಕೆಯನ್ನು ಚುಚ್ಚಿ ಹೊರತೆಗೆದಾಗ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿ ಇದ್ದರೆ ಕೆಲಸ ಸರಿಯಾಗಿ ನಡೆದಿದೆ ಎಂದು ತಿಳಿಯಬೇಕು. ರೋಗಾಣುಗಳೂ ಕಳೆಬೀಜಗಳೂ ಸಾಯುವುದು ಈ ಬಿಸಿಯಲ್ಲಿಯೇ. ಎರಡು ಮೂರು ವಾರಕ್ಕೊಮ್ಮೆ, ಮತ್ತೆ ಐದಾರು ವಾರಕ್ಕೊಮ್ಮೆ ಹೊರಗಿನದು ಒಳಗಾಗುವಂತೆ ತಿರುವಬೇಕು. ತೇವದ ಪರೀಕ್ಷೆ ಸುಲಭ: ಒಂದು ಹಿಡಿಯನ್ನು ಹಿಂಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಮೂರು ನಾಲ್ಕು ತಿಂಗಳಿನಲ್ಲಿ ರಾಶಿ ತಣ್ಣಗಾಗಿ, ಹಾಕಿದ ಎಲೆ ಯಾವುದೆಂದು ಗುರುತು ಸಿಗದಂತಾಗಿ, ಮೊದಲ ಮಳೆ ಬಿದ್ದ ನೆಲದ ವಾಸನೆ ಬರುತ್ತದೆ. ಆಗಲೂ ಸಂದೇಹವಿದ್ದರೆ ಒಂದು ತಟ್ಟೆ ಗೊಬ್ಬರದಲ್ಲಿ ಸಾಸಿವೆಯನ್ನು ಚೆಲ್ಲಿ ನೋಡಬೇಕು. ಮೊಳಕೆ ಹಳದಿಯಾಗದೆ, ಸುಡದೆ ಬಂದರೆ ಗೊಬ್ಬರ ಕಳಿತಿದೆ.

ಇನ್ನು ಲೆಕ್ಕ. ಸಾವಯವದ ಮಾತನಾಡುವವರು ಬಹಳ ಮಂದಿ ಈ ಮೆಟ್ಟಿಲನ್ನು ಹಾರಿಹೋಗುತ್ತಾರೆ. ಹೊಲದಲ್ಲಿ ನಿಂತವನಿಗೆ ಅದು ಸಾಧ್ಯವಿಲ್ಲ. ಹೆಕ್ಟೇರಿಗೆ 25ರಿಂದ 30 ಟನ್ ಇಳುವರಿ ಕೊಡುವ ಆಲೂಗಡ್ಡೆ ಬೆಳೆ ನೆಲದಿಂದ ಸುಮಾರು 120ರಿಂದ 140 ಕಿಲೋ ಸಾರಜನಕವನ್ನೂ 170ರಿಂದ 230 ಕಿಲೋ ಪೊಟ್ಯಾಷನ್ನೂ ಎತ್ತಿಕೊಳ್ಳುತ್ತದೆ. ಎಕರೆಯ ಲೆಕ್ಕಕ್ಕೆ ಇಳಿಸಿದರೆ ಸಾರಜನಕ 50 ಕಿಲೋ ಆಸುಪಾಸು, ಪೊಟ್ಯಾಷ್ 70ರಿಂದ 90 ಕಿಲೋ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕವಿರುವುದು ಸರಾಸರಿ ನೂರಕ್ಕೆ ಅರ್ಧ ಪಾಲು. ಶಿಫಾರಸಿನಂತೆ ಎಕರೆಗೆ 10 ಟನ್ ಗೊಬ್ಬರ ಹಾಕಿದರೆ 50 ಕಿಲೋ ಸಾರಜನಕ ಬಂದಂತಾಯಿತು. ಕಾಗದದ ಮೇಲೆ ಲೆಕ್ಕ ಸರಿಹೋಯಿತು. ಆದರೆ ಮೊದಲ ಹಂಗಾಮಿನಲ್ಲಿ ಬೆಳೆಯ ಕೈಗೆ ಸಿಗುವುದು ಅದರ ಕಾಲುಭಾಗದಿಂದ ಮೂರನೆಯ ಒಂದು ಭಾಗ ಮಾತ್ರ. ಉಳಿದದ್ದು ಮಣ್ಣಿನಲ್ಲಿದ್ದು ಮುಂದಿನ ವರ್ಷಗಳಲ್ಲಿ ನಿಧಾನವಾಗಿ ಬಿಡುಗಡೆಯಾಗುತ್ತದೆ. ಆಲೂಗಡ್ಡೆಗೆ ಅಷ್ಟು ಸಾವಕಾಶವಿಲ್ಲ. ಅದರ ಆಯುಷ್ಯ 90ರಿಂದ 100 ದಿನ. ಅದರಲ್ಲಿಯೂ ಹೆಚ್ಚಿನ ಹಸಿವು ಬಿತ್ತಿದ ಮೊದಲ ಎರಡು ತಿಂಗಳಲ್ಲಿ.

ಆ 10 ಟನ್ ಎಲ್ಲಿಂದ ಬರಬೇಕು? ನಾಟಿ ಹಸುವೊಂದು ದಿನಕ್ಕೆ ಸುಮಾರು 10 ಕಿಲೋ ಸಗಣಿ ಹಾಕಿದರೂ ವರ್ಷಕ್ಕೆ ಮೂರೂವರೆ ಟನ್ನು. ನೀರಿನಂಶ ಆರಿ, ಕಳಿತು ಗೊಬ್ಬರವಾದಾಗ ಅದು ಎರಡು ಟನ್ನಿಗೆ ಇಳಿಯುತ್ತದೆ. ಒಂದು ಎಕರೆ ಆಲೂಗಡ್ಡೆಗೆ ಐದು ರಾಸುಗಳ ಇಡೀ ವರ್ಷದ ದುಡಿಮೆ ಬೇಕು. ಉಳುಮೆಗೆ ಟ್ರ್ಯಾಕ್ಟರು ಬಂದ ಮೇಲೆ ಐದು ರಾಸುಗಳ ಕೊಟ್ಟಿಗೆ ಎಷ್ಟು ಮನೆಗಳಲ್ಲಿ ಉಳಿದಿದೆ? ಕೊಂಡು ತರುವುದಾದರೆ ಎಕರೆಗೆ ನಾಲ್ಕೈದು ಟ್ರ್ಯಾಕ್ಟರ್ ಲೋಡು. ಅದರ ಬೆಲೆ, ಸಾಗಣೆ, ಚೆಲ್ಲುವ ಕೂಲಿ ಸೇರಿದರೆ ಸಣ್ಣ ಮೊತ್ತವಲ್ಲ.

ಆದ್ದರಿಂದ ಎಲ್ಲ ಭಾರವನ್ನೂ ಒಂದೇ ಗೊಬ್ಬರದ ಮೇಲೆ ಹೊರಿಸದೆ ಹಂಚುವುದು ವಿವೇಕ. ಕಾಂಪೋಸ್ಟನ್ನು ಹೊಲದ ತುಂಬ ಚೆಲ್ಲುವುದಕ್ಕೆ ಬದಲಾಗಿ ಸಾಲಿನೊಳಕ್ಕೇ ಹಾಕಿದರೆ ಕಡಮೆ ಗೊಬ್ಬರ ಹೆಚ್ಚು ಗಿಡಗಳಿಗೆ ಒದಗುತ್ತದೆ. ಬೇವಿನ ಹಿಂಡಿಯಲ್ಲಿ ಸಾರಜನಕ ನೂರಕ್ಕೆ ಐದರಷ್ಟಿದೆ. ಎಕರೆಗೆ 200 ಕಿಲೋ ಹಾಕಿದರೆ 10 ಕಿಲೋ ಸಾರಜನಕದ ಜೊತೆಗೆ ಮಣ್ಣಿನ ಹುಳುಗಳ ಉಪಟಳವೂ ತಗ್ಗುತ್ತದೆ. ಎರೆಗೊಬ್ಬರ ಕೊಟ್ಟಿಗೆ ಗೊಬ್ಬರಕ್ಕಿಂತ ಸತ್ವಶಾಲಿ. ನೀರಾವರಿಯಲ್ಲಿ ಹಿಂಗಾರಿನ ಆಲೂಗಡ್ಡೆ ಬೆಳೆಯುವ ಕೋಲಾರ, ಚಿಕ್ಕಬಳ್ಳಾಪುರದ ರೈತರಿಗೆ ಇನ್ನೊಂದು ಅನುಕೂಲವಿದೆ: ಮಳೆಗಾಲದಲ್ಲಿ ಸೆಣಬನ್ನು ಬಿತ್ತಿ, ಹೂವಾಡುವ ಹೊತ್ತಿಗೆ, ಸುಮಾರು 45 ದಿನಕ್ಕೆ, ಮಣ್ಣಿಗೆ ಸೇರಿಸಿ, ಅದು ಕರಗಿದ ಮೇಲೆ ಗೆಡ್ಡೆ ಊರಬಹುದು. ಮುಂಗಾರಿನಲ್ಲಿಯೇ ಬಿತ್ತುವ ಹಾಸನದವರಿಗೆ ಈ ಅವಕಾಶವಿಲ್ಲ. ಅವರು ಆಲೂಗಡ್ಡೆಯ ಹಿಂದಿನ ಬೆಳೆಯಾಗಿ ಅವರೆ, ಹುರುಳಿ, ಅಲಸಂದೆಗಳನ್ನು ಹಾಕಿ ಆ ಪ್ರಯೋಜನದ ಒಂದು ಪಾಲನ್ನು ಪಡೆಯಬೇಕು. ಪೊಟ್ಯಾಷಿಗೆಂದು ಒಲೆಯ ಬೂದಿಯನ್ನು ಸುರಿಯುವ ರೂಢಿಯುಂಟು. ಅಲ್ಪಸ್ವಲ್ಪವಾದರೆ ಬಾಧಕವಿಲ್ಲ, ಹೆಚ್ಚಾದರೆ ಮಣ್ಣು ಕ್ಷಾರದ ಕಡೆಗೆ ವಾಲಿ ಕಜ್ಜಿರೋಗಕ್ಕೆ ಆಮಂತ್ರಣವಿತ್ತಂತಾಗುತ್ತದೆ. ಮಣ್ಣಿನ ಪರೀಕ್ಷೆಗಾಗಿ 2015ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಮಣ್ಣು ಆರೋಗ್ಯ ಚೀಟಿಯಲ್ಲಿ ಸಾವಯವ ಇಂಗಾಲದ ಅಂಕಿಯನ್ನೂ ರಸಸಾರದ ಅಂಕಿಯನ್ನೂ ಕೊಟ್ಟಿರುತ್ತಾರೆ. ಚೀಟಿಯನ್ನು ಪೆಟ್ಟಿಗೆಯಲ್ಲಿಡದೆ ಆ ಎರಡು ಅಂಕಿಗಳನ್ನು ಓದಿಸಿಕೊಳ್ಳಬೇಕು.

ಈಗ ಆಂಧ್ರದ ಪ್ರಯೋಗದ ವಿಚಾರ. ರೈತು ಸಾಧಿಕಾರ ಸಂಸ್ಥೆಯ ಮೂಲಕ 2016ರಲ್ಲಿ ಈ ರಾಜ್ಯ ಆರಂಭಿಸಿದ ನೈಸರ್ಗಿಕ ಕೃಷಿ ಕಾರ್ಯಕ್ರಮವು ಮಹಿಳಾ ಸ್ವಸಹಾಯ ಸಂಘಗಳನ್ನು ಆಧಾರವಾಗಿಟ್ಟುಕೊಂಡು ಹಳ್ಳಿಹಳ್ಳಿಗೆ ಹಬ್ಬಿತು. 2024ರಲ್ಲಿ ಪೋರ್ಚುಗಲ್ಲಿನ ಗುಲ್ಬೆಂಕಿಯನ್ ಪ್ರಶಸ್ತಿಯಲ್ಲಿ ಪಾಲುಪಡೆಯಿತು. ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟವೂ ರಾಷ್ಟ್ರೀಯ ನೈಸರ್ಗಿಕ ಕೃಷಿ ಅಭಿಯಾನಕ್ಕೆ ಒಪ್ಪಿಗೆ ನೀಡಿತು. ಈ ಪದ್ಧತಿಯಲ್ಲಿ ಬಳಸುವ ಜೀವಾಮೃತದಲ್ಲಿ ಎಕರೆಗೆ ಬೇಕಾಗುವ ಸಗಣಿ ಹತ್ತೇ ಕಿಲೋ. ಅದರ ಜೊತೆಗೆ ಗಂಜಲ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು, 200 ಲೀಟರ್ ನೀರು. ಇದನ್ನು ಗೊಬ್ಬರವೆಂದು ತಿಳಿಯುವುದು ತಪ್ಪು. ಹಾಲಿಗೆ ಹೆಪ್ಪು ಇದ್ದಂತೆ ಮಣ್ಣಿಗೆ ಇದು. ಹಾಲೇ ಇಲ್ಲದ ಪಾತ್ರೆಗೆ ಹೆಪ್ಪು ಹಾಕಿ ಮೊಸರನ್ನು ನಿರೀಕ್ಷಿಸಲಾಗದು. ಆಂಧ್ರದವರು ಇದರೊಂದಿಗೆ ನೆಲಕ್ಕೆ ಹೊದಿಕೆ, ವರ್ಷವಿಡೀ ಯಾವುದಾದರೊಂದು ಬೆಳೆಯ ಹಸಿರು, ಮಿಶ್ರ ಬೆಳೆ, ಒಣ ರೂಪದ ಘನಜೀವಾಮೃತ ಇವೆಲ್ಲವನ್ನೂ ಕೂಡಿಸಿಕೊಂಡಿದ್ದಾರೆ. ಹೆಪ್ಪನ್ನು ಮಾತ್ರ ಒಯ್ದು ಹಾಲನ್ನು ಮರೆತವರ ಅನುಭವವನ್ನು ಇಟ್ಟುಕೊಂಡು ಈ ಪದ್ಧತಿಯನ್ನು ಹಳಿಯುವುದೂ ಸರಿಯಲ್ಲ, ಹೊಗಳುವುದೂ ಸರಿಯಲ್ಲ.

ಅವಸರದ ಪರಿಣಾಮವೇನೆಂಬುದಕ್ಕೆ ನೆರೆಯ ಶ್ರೀಲಂಕಾ ನಿದರ್ಶನವಾಗಿದೆ. 2021ರ ಏಪ್ರಿಲ್-ಮೇ ತಿಂಗಳಲ್ಲಿ ಅಲ್ಲಿನ ಸರ್ಕಾರ ರಾಸಾಯನಿಕ ಗೊಬ್ಬರದ ಆಮದನ್ನು ದೇಶದಾದ್ಯಂತ ಒಮ್ಮೆಗೇ ನಿಷೇಧಿಸಿತು. ಇಳುವರಿ ಕುಸಿದು ರೈತರು ಬೀದಿಗಿಳಿದಾಗ, ಅದೇ ವರ್ಷದ ನವೆಂಬರಿನಲ್ಲಿ ನಿಷೇಧವನ್ನು ಹಿಂದೆಗೆದುಕೊಳ್ಳಬೇಕಾಯಿತು. ಸಾವಯವ ತತ್ವದ ಸೋಲು ಅದಲ್ಲ. ಮೂರು ನಾಲ್ಕು ವರ್ಷ ಹಿಡಿಯುವ ಕೆಲಸವನ್ನು ಒಂದು ಹಂಗಾಮಿನಲ್ಲಿ ಮುಗಿಸಲು ಹೊರಟದ್ದರ ಫಲ.

ನಮ್ಮ ಮನೆಯಲ್ಲಿಯೇ ಇಂಥದೊಂದು ಪಾಠವಾಯಿತು. ನಮ್ಮ ಭಾವನವರದು ಹಾಸನದ ಕಡೆ ಎರಡೂವರೆ ಎಕರೆ ಹೊಲ. ನಾನು ಅನುವಾದಿಸಿದ ಪುಸ್ತಿಕೆಯೊಂದನ್ನು ಓದಿ, ನನ್ನ ಮಾತನ್ನೂ ನಂಬಿ, ಒಂದು ಮುಂಗಾರಿನಲ್ಲಿ ಅವರು ರಾಸಾಯನಿಕವನ್ನು ಪೂರ್ತಿ ಬಿಟ್ಟರು. ಗೊಬ್ಬರ ಚೆನ್ನಾಗಿಯೇ ಕಳಿತಿತ್ತು. ಗಿಡಗಳು ಕಪ್ಪಗೆ, ಸೊಂಪಾಗಿ ಎದ್ದವು. ಜುಲೈ ತಿಂಗಳಲ್ಲಿ ಎಡೆಬಿಡದ ಜಡಿಮಳೆ ಹಿಡಿದಾಗ ನೆರೆಹೊಲದವರು ಔಷಧಿ ಸಿಂಪಡಿಸಿದರು. ಭಾವನವರು, ಸಾವಯವದಲ್ಲಿ ಬೆಳೆದ ಗಿಡಕ್ಕೆ ರೋಗ ತಾಗದೆಂಬ ನಂಬಿಕೆಯಿಂದ ಸುಮ್ಮನಿದ್ದರು. ಎಂಟು ದಿನಗಳಲ್ಲಿ ಎಲೆಗಳೆಲ್ಲ ಸುಟ್ಟಂತೆ ಕರಗಿಹೋದವು. ಬೀಜಕ್ಕೆ ಹಾಕಿದ ಸಾಲವನ್ನು ತೀರಿಸಲು ಅಕ್ಕನ ಬಳೆಗಳು ಅಡವು ಹೋದವು. ಭಾವನವರು ನನ್ನನ್ನು ಒಂದು ಮಾತೂ ಆಡಲಿಲ್ಲ. ಆ ಪುಸ್ತಿಕೆಯಲ್ಲಿ ಗೊಬ್ಬರದ ಪುಟಗಳಿದ್ದವು, ರೋಗದ ಪುಟ ಇರಲಿಲ್ಲ. ಇದ್ದದ್ದನ್ನು ನಾನು ಅನುವಾದಿಸಿದ್ದೆ. ಇಲ್ಲದ್ದರ ಬಗ್ಗೆ ಕೇಳಿರಲಿಲ್ಲ.

ಅಂಗಮಾರಿ ರೋಗಕ್ಕೂ ಗೊಬ್ಬರಕ್ಕೂ ಸಂಬಂಧ ಬಹಳ ದೂರದ್ದು. 1845ರಿಂದ ಮುಂದಿನ ವರ್ಷಗಳಲ್ಲಿ ಐರ್ಲೆಂಡನ್ನು ಬರಗಾಲಕ್ಕೆ ದೂಡಿದ ರೋಗ ಇದೇ. ಅಂದಿನ ಐರ್ಲೆಂಡಿನ ರೈತರಿಗೆ ಯೂರಿಯಾ ಎಂದರೆ ಏನೆಂದೇ ಗೊತ್ತಿರಲಿಲ್ಲ. ತಂಪು, ಮೋಡ, ಎಲೆಯ ಮೇಲೆ ನಿಲ್ಲುವ ತೇವ ಇವು ಮೂರು ಕೂಡಿದರೆ ಅದು ಬರುತ್ತದೆ, ಮತ್ತು ಹಾಸನದ ಜುಲೈ-ಆಗಸ್ಟ್ ತಿಂಗಳುಗಳಲ್ಲಿ ಈ ಮೂರೂ ಧಾರಾಳವಾಗಿರುತ್ತವೆ. ಸಾವಯವ ಬೇಸಾಯಗಾರರಿಗೆ ಸಲ್ಲುವ ಔಷಧಿಯೆಂದರೆ ನಮ್ಮ ಅಡಿಕೆ ತೋಟದವರು ಬಲ್ಲ ಬೋರ್ಡೋ ದ್ರಾವಣ: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಇದು ತಡೆಯುವ ಔಷಧಿಯೇ ಹೊರತು ಗುಣಪಡಿಸುವುದಲ್ಲ. ರೋಗ ಕಾಣುವ ಮೊದಲೇ, ಎಲೆಯ ಅಡಿಯೂ ನೆನೆಯುವಂತೆ ಸಿಂಪಡಿಸಬೇಕು, ಮಳೆ ತೊಳೆದರೆ ಮತ್ತೆ ಸಿಂಪಡಿಸಬೇಕು. ತಾಮ್ರವು ಮಣ್ಣಿನಲ್ಲಿ ಶೇಖರವಾಗುವಂಥದ್ದಾದ್ದರಿಂದ ಮಿತಿಯೂ ಇರಬೇಕು.

ಬೀಜದ ರೋಗವನ್ನೂ ಗೊಬ್ಬರ ಗುಣಪಡಿಸಲಾರದು. ನಂಜು ರೋಗ ಹೊತ್ತ ಗೆಡ್ಡೆ ಎಂಥ ಮಣ್ಣಿನಲ್ಲಿಯೂ ಸೊರಗುತ್ತದೆ. ಮುಂಗಾರಿನ ತೇವದಲ್ಲಿ ಹೋಳು ಮಾಡಿದ ಗೆಡ್ಡೆ ಕೊಳೆಯುವ ಸಂಭವ ಹೆಚ್ಚಾದ್ದರಿಂದ ಸಣ್ಣ ಇಡಿಗೆಡ್ಡೆಗಳನ್ನೇ ಊರುವುದು ಲೇಸು. ದೂರದ ಬೀಜದ ಅವಲಂಬನೆಯನ್ನು ತಪ್ಪಿಸಲೆಂದು ಇತ್ತೀಚಿನ ವರ್ಷಗಳಲ್ಲಿ ಹಾಸನ ಜಿಲ್ಲೆಯಲ್ಲಿ, ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಮತ್ತು ಅಂತಾರಾಷ್ಟ್ರೀಯ ಆಲೂಗಡ್ಡೆ ಕೇಂದ್ರಗಳ ನೆರವಿನಿಂದ, ಅಂಗಾಂಶ ಕೃಷಿಯ ರೋಗರಹಿತ ಗಿಡಗಳ ಕುಡಿಗಳಿಗೆ ಬೇರು ಬರಿಸಿ ಸಸಿಗಳನ್ನಾಗಿ ಮಾಡಿ ನೆಡುವ ಪದ್ಧತಿ ಬಂದಿದೆ. ಆ ಸಸಿಗಳಿಂದ ಬಂದ ಗೆಡ್ಡೆಗಳನ್ನು ಮುಂದಿನ ಬಿತ್ತನೆಗೆ ಬಳಸಬಹುದು. ರೋಗ ತಗುಲಿದ ಹಂಬು, ಕೊಳೆತ ಗೆಡ್ಡೆಗಳನ್ನು ಮಾತ್ರ ಎಂದಿಗೂ ತಿಪ್ಪೆಗೆ ಎಸೆಯಬಾರದು. ಹಾಗೆ ಮಾಡಿದರೆ ಮುಂದಿನ ವರ್ಷ ಗೊಬ್ಬರದೊಂದಿಗೆ ಸೊರಗು ರೋಗವನ್ನೂ ಹೊಲಕ್ಕೆ ನಾವೇ ಹೊತ್ತುಹಾಕಿದಂತೆ.

ನಗರದ ಕಸದಿಂದಾದ ಕಾಂಪೋಸ್ಟನ್ನು ಬಳಸಬಹುದೇ ಎಂಬ ಪ್ರಶ್ನೆ ಇದೆ. ಬೆಂಗಳೂರಿನ ಕಸವನ್ನು ಗೊಬ್ಬರವಾಗಿಸಲೆಂದೇ 1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಸ್ಥಾಪನೆಯಾಯಿತು. ವಿಶಾಖಪಟ್ಟಣ, ವಿಜಯವಾಡದಂತಹ ನಗರಗಳಲ್ಲಿಯೂ ದಿನನಿತ್ಯ ಬೀಳುವ ಹಸಿಕಸ ಗೊಬ್ಬರವಾಗಲು ಯೋಗ್ಯವೇ. ಆದರೆ ಮನೆಯಲ್ಲಿಯೇ ಹಸಿ ಒಣ ಬೇರೆಯಾಗದ ಕಸದಲ್ಲಿ ಗಾಜು, ಪ್ಲಾಸ್ಟಿಕ್, ಬ್ಯಾಟರಿಗಳು ಸೇರಿರುತ್ತವೆ. ಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಇಂತಹ ಕಾಂಪೋಸ್ಟಿನ ಒಂದು ಕಿಲೋದಲ್ಲಿ ಸೀಸ 100 ಮಿಲಿಗ್ರಾಂ, ಕ್ಯಾಡ್ಮಿಯಂ 5 ಮಿಲಿಗ್ರಾಂ ಮೀರುವಂತಿಲ್ಲ. ಮಣ್ಣಿನೊಳಗೇ ಬೆಳೆದು ಸಿಪ್ಪೆಗೆ ಮಣ್ಣು ಅಂಟಿಸಿಕೊಂಡು ಬರುವ ಆಲೂಗಡ್ಡೆಗೆ ಪರೀಕ್ಷೆಯ ವಿವರವಿಲ್ಲದ ಚೀಲವನ್ನು ಅಗ್ಗವೆಂದು ಕೊಳ್ಳಬಾರದು.

ಕೊನೆಯದಾಗಿ, ಹೊಲವಿಲ್ಲದೆ ತಾರಸಿ ಮಾತ್ರ ಇರುವವರಿಗೆ ನಾಲ್ಕು ಮಾತು. ಈ ಎರಡು ನಗರಗಳಲ್ಲಿ ಆಲೂಗಡ್ಡೆಗೆ ದೊರೆಯುವ ಅವಧಿ ನವೆಂಬರ್ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ ಮಾತ್ರ; ಅದೂ ಅಂಚಿನ ಹವೆ. ಒಂದೂವರೆ ಅಡಿ ಆಳದ ಚೀಲ ಅಥವಾ ಕುಂಡದಲ್ಲಿ ಕೆಂಪುಮಣ್ಣು, ಮರಳು ಅಥವಾ ತೆಂಗಿನ ನಾರಿನ ಪುಡಿ, ಅಡುಗೆಮನೆಯ ಕಸದಿಂದ ಮಾಡಿದ ಕಳಿತ ಕಾಂಪೋಸ್ಟು ಇವನ್ನು ಸಮಪಾಲಿನಲ್ಲಿ ಬೆರೆಸಿ ಮೂರನೆಯ ಒಂದು ಭಾಗದಷ್ಟು ತುಂಬಬೇಕು. ಮೊಳೆತ ಗೆಡ್ಡೆಯೊಂದನ್ನು ಕಣ್ಣು ಮೇಲಾಗಿ ಊರಿ, ಗಿಡ ಏಳುತ್ತ ಹೋದಂತೆ ಅದೇ ಮಿಶ್ರಣವನ್ನು ಬುಡಕ್ಕೆ ಏರಿಸಬೇಕು. ಬೆಳಕು ತಾಗಿ ಹಸಿರಾದ ಗೆಡ್ಡೆ ವಿಷಕಾರಿಯಾದ್ದರಿಂದ ತಿನ್ನಲು ಬಾರದು. ಮಧ್ಯಾಹ್ನದ ಬಿಸಿಲಿಗೆ ಕುಂಡದ ಪಕ್ಕೆ ಕಾಯದಂತೆ ಗೋಣಿಯನ್ನು ಸುತ್ತಿ ನೆನೆಸುತ್ತಿರಬೇಕು. ಎಂಬತ್ತು ತೊಂಬತ್ತು ದಿನಗಳಿಗೆ ಎಲೆ ಹಳದಿಯಾದಾಗ ಹಂಬನ್ನು ಕೊಯ್ದು, ಹತ್ತು ದಿನ ನೀರು ನಿಲ್ಲಿಸಿ, ಸಿಪ್ಪೆ ಬಲಿತ ಮೇಲೆ ಕುಂಡವನ್ನು ಮಗುಚಬಹುದು. ಕುಂಡಕ್ಕೆ ಅರ್ಧ ಕಿಲೋ ಬಂದರೆ ಈ ತೀರದಲ್ಲಿ ಅದು ಒಳ್ಳೆಯ ಬೆಳೆಯೇ. ಮಗುಚಿದ ಮಣ್ಣಿನಲ್ಲಿ ಆ ವರ್ಷ ಬದನೆ, ಟೊಮ್ಯಾಟೊ, ಮೆಣಸಿನಕಾಯಿಗಳನ್ನು ಹಾಕಬಾರದು. ಅವೆಲ್ಲ ಆಲೂಗಡ್ಡೆಯ ದಾಯಾದಿಗಳು, ಅದರ ರೋಗಗಳಿಗೂ ಹಕ್ಕುದಾರರು. ಅವರೆಯನ್ನೋ ಮೆಂತ್ಯದ ಸೊಪ್ಪನ್ನೋ ಹಾಕಿಕೊಳ್ಳಬಹುದು.